ಕಮ್ಮರಡಿಯ ಉಳಿ, ಶೆಫೀಲ್ಡಿನ ಅಕ್ಷರ

ಇಂಗ್ಲೆಂಡಿನಲ್ಲಿ ನಾನು ಏನೇನು ನೋಡದೆ ಬಂದೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಊರಿನಲ್ಲಿ ಎಲ್ಲರೂ ಕೇಳುವುದು ಅದನ್ನೇ. ಲಂಡನ್ ನೋಡಲಿಲ್ಲ. ಅರಮನೆ, ದೊಡ್ಡ ಗಡಿಯಾರ, ಥೇಮ್ಸ್ ನದಿ ಯಾವುದನ್ನೂ ನೋಡಲಿಲ್ಲ. ಸಮುದ್ರವನ್ನು ವಿಮಾನದ ಕಿಟಕಿಯಿಂದ ನೋಡಬಹುದಿತ್ತು, ಆಗ ನಿದ್ದೆ ಬಂದಿತ್ತು. ಒಂಬತ್ತು ದಿನಗಳಲ್ಲಿ ನಾನು ಸರಿಯಾಗಿ ನೋಡಿದ್ದು ಒಂದು ಉಳಿಯನ್ನು ಮಾತ್ರ. ಅದೂ ನಾನೇ ಊರಿನಿಂದ ಸೂಟ್‌ಕೇಸಿನಲ್ಲಿ ಹೊತ್ತುಕೊಂಡು ಹೋಗಿದ್ದ ಉಳಿ.

ಹೊರಡುವ ಮುಂಚೆ, ಕಮ್ಮರಡಿ

ನಾನು ನರಸಿಂಹರಾಜಪುರದ ಒಂದು ಐಟಿಐಯಲ್ಲಿ ಫಿಟ್ಟರ್ ವಿಭಾಗದ ಬೋಧಕ, ವಾಸ ಕೊಪ್ಪದಲ್ಲಿ. ಮೂರು ವರ್ಷಗಳಿಂದ ಭಾನುವಾರಗಳನ್ನೆಲ್ಲ ಹಳೆಯ ಕೈ ಹತಾರಗಳನ್ನು ಹುಡುಕುವುದರಲ್ಲಿ ಕಳೆದಿದ್ದೇನೆ. ಶೃಂಗೇರಿಯ ಗುಜರಿ ಅಂಗಡಿ, ಮೇಗುಂದದ ಅಟ್ಟಗಳು, ಬಾಗಿಲು ಹಾಕಿದ ಮರದ ಕೆಲಸದ ಶೆಡ್ಡುಗಳು. ಸಿಕ್ಕಿದ್ದನ್ನು ನೋಟ್‌ಬುಕ್ಕಿನಲ್ಲಿ ಬರೆಯುತ್ತೇನೆ. ಐದು ಕಾಲಂ: ಉದ್ದ, ತೂಕ, ಅಚ್ಚು, ಸಿಕ್ಕಿದ ಊರು, ತಯಾರಿಕೆ. ಹೊರಡುವ ದಿನಕ್ಕೆ ಒಟ್ಟು ಇನ್ನೂರ ಹದಿನಾಲ್ಕು ಹತಾರ. ಅದರಲ್ಲಿ ಮೂವತ್ತೆಂಟಕ್ಕೆ ಕೊನೆಯ ಕಾಲಂನಲ್ಲಿ 'ಇಂಗ್ಲೆಂಡ್' ಎಂದಿದೆ.

ಕಳೆದ ವರ್ಷ ಕೊಪ್ಪದ ಒಂದು ಶಾಲೆಯ ಹಾಲಿನಲ್ಲಿ ಇವುಗಳ ಪ್ರದರ್ಶನ ಇಟ್ಟಿದ್ದೆವು. ಕಮ್ಮರಡಿಯಲ್ಲಿ ಇನ್ನೂ ಕುಲುಮೆ ನಡೆಸುವ ಗಣಪಯ್ಯ ಆಚಾರಿಯವರು ತಮ್ಮ ತಂದೆ ಮಾಡಿದ್ದೆಂದು ಒಂದು ಅಗಲ ಉಳಿಯನ್ನು ಕೊಟ್ಟರು. ಬುಡದಲ್ಲಿ ಇಂಗ್ಲಿಷ್ ಅಕ್ಷರ ಒತ್ತಿತ್ತು. ಅರ್ಧ ಸವೆದಿದ್ದರೂ 'ಶೆಫೀಲ್ಡ್', 'ಕಾಸ್ಟ್ ಸ್ಟೀಲ್' ಎಂದು ಓದಲು ಬರುತ್ತಿತ್ತು. ಮಕ್ಕಳಿಗೆ ತಮ್ಮ ತಂದೆಯ ವಸ್ತುಗಳ ಬಗ್ಗೆ ಪ್ರೀತಿಯಿಂದ ತಪ್ಪು ನೆನಪು ಇರುವುದುಂಟು ಎಂದುಕೊಂಡು ನಾನು ಚೀಟಿಯಲ್ಲಿ 'ಇಂಗ್ಲೆಂಡಿನಲ್ಲಿ ತಯಾರಾದದ್ದು' ಎಂದು ಅಚ್ಚುಕಟ್ಟಾಗಿ ಬರೆದೆ.

ಆಚಾರ್ರು ಸೊಸೆ ಸುಮಿತ್ರಾ ಜೊತೆ ನೋಡಲು ಬಂದರು. ಒಗೆದ ಪಂಚೆ ಉಟ್ಟಿದ್ದರು. ಕನ್ನಡಕ ಮನೆಯಲ್ಲಿ ಬಿಟ್ಟಿದ್ದರಿಂದ ಸುಮಿತ್ರಾ ಚೀಟಿಯನ್ನು ಓದಿ ಹೇಳಿದರು. ಆಚಾರ್ರು ಉಳಿಯ ಕಡೆ ನೋಡುತ್ತಾ, "ನಮ್ಮಪ್ಪ ಇಂಗ್ಲೆಂಡಿಗೆ ಯಾವಾಗ ಹೋಗಿದ್ರೋ, ನಂಗೆ ಹೇಳ್ಲೇ ಇಲ್ಲ" ಅಂದರು. ಸುತ್ತ ಇದ್ದವರು ನಕ್ಕರು. ನಾನೂ ನಕ್ಕೆ. ಅದನ್ನು ಅವತ್ತಿನ ದಿನಚರಿಯಲ್ಲಿ ಬರೆದಿದ್ದೇನೆ, ಆದ್ದರಿಂದ ನಗಲಿಲ್ಲ ಎನ್ನುವಂತಿಲ್ಲ.

ಆಮೇಲೆ ಕಮ್ಮರಡಿಯ ಹೋಟೆಲಿನಲ್ಲಿ ಅವರು ಚಾ ಕುಡಿಯಲು ಬಂದಾಗಲೆಲ್ಲ "ಇಂಗ್ಲೆಂಡ್ ಆಚಾರ್ರು ಬಂದ್ರು, ಜಾಗ ಬಿಡ್ರೋ" ಎನ್ನುವುದು ಶುರುವಾಯಿತು. ಒಂದು ತಿಂಗಳಲ್ಲಿ ಅವರು ಹೋಟೆಲಿಗೆ ಹೋಗುವುದನ್ನೇ ಬಿಟ್ಟರು. ಉಳಿಯನ್ನು ವಾಪಸ್ ಕೊಡಲು ಹೋದ ನನ್ನ ಕಡೆ ತಿರುಗದೆ ಕತ್ತಿ ತಟ್ಟುತ್ತಲೇ ಹೇಳಿದರು, "ನಂಗ್ಯಾಕೆ ಮಾರಾಯ್ರೆ ಅದು? ಅವರದ್ದಂತಲ್ಲ, ಅವರಿಗೇ ಕೊಟ್ಟು ಬನ್ನಿ."

ನಾನು ಹಳೆಯ ಹತಾರ ಸಂಗ್ರಹಿಸುವ ಇಂಗ್ಲೆಂಡಿನ ಕೆಲವರ ಜೊತೆ ಫೋಟೋ, ಪತ್ರ ವಿನಿಮಯ ಮಾಡುತ್ತಿದ್ದೆ. ಅವರ ಚಳಿಗಾಲದ ಹತಾರ ಸಂತೆಗೆ ಬನ್ನಿ ಎಂಬ ಕರೆ ಬಂತು. ಉಳಿಯ ಫೋಟೋ ನೋಡಿದ, ಶೆಫೀಲ್ಡಿನ ಡೋರೀನ್ ಎಂಬ ಹಿರಿಯ ಹೆಂಗಸು, "ಅಕ್ಷರ ಫೋಟೋದಲ್ಲಿ ಕಾಣುತ್ತದೆ. ಉಳಿ ಕೈಯಲ್ಲಿ ಹಿಡಿದರೆ ಮಾತ್ರ ಕಾಣುತ್ತದೆ. ತನ್ನಿ" ಎಂದು ಬರೆದರು. ಹೊರಡುವ ಹಿಂದಿನ ದಿನ ಆಚಾರ್ರಿಗೆ ಹೇಳಿ ಬಂದೆ. "ಅವರದ್ದೇ ಅಂತಾದ್ರೆ ವಾಪಸ್ ತರೋದು ಬೇಡ" ಎಂದಷ್ಟೇ ಅಂದರು. ಹಾಗಾಗಿ ಇದು ಪ್ರವಾಸ ಎನ್ನುವುದಕ್ಕಿಂತ, ನಾನು ಬರೆದ ಒಂದು ಚೀಟಿಯ ಹಿಂದೆ ನಾನೇ ಹೋದದ್ದು.

ಮೊದಲ ದಿನ, ಮ್ಯಾಂಚೆಸ್ಟರ್ ವಿಮಾನ ನಿಲ್ದಾಣ

ಕೊಪ್ಪದಲ್ಲಿ ಬಸ್ಸು ಹತ್ತಿದಾಗಿನಿಂದ ಲೆಕ್ಕ ಹಾಕಿದರೆ ಇಳಿಯುವ ಹೊತ್ತಿಗೆ ಮೂವತ್ತೊಂದು ಗಂಟೆ. ನಿದ್ದೆ ಎರಡು ಗಂಟೆ ಹತ್ತು ನಿಮಿಷ. ಎಡಗಾಲು ಊದಿಕೊಂಡು ಬೂಟು ಬಿಗಿಯಾಗಿತ್ತು.

ಕಸ್ಟಮ್ಸ್ ಮೇಜಿನಲ್ಲಿ ಸೂಟ್‌ಕೇಸ್ ತೆಗೆಸಿದರು. ಅಮ್ಮ ಕಟ್ಟಿಕೊಟ್ಟ ಚಟ್ನಿಪುಡಿಯನ್ನು ಮುಟ್ಟಲಿಲ್ಲ. ಟವೆಲಿನಲ್ಲಿ ಸುತ್ತಿದ್ದ ಉಳಿಯನ್ನು ಎತ್ತಿ ಹಿಡಿದ ಅಧಿಕಾರಿ, ನನ್ನಪ್ಪನ ವಯಸ್ಸಿನವನು, ಇದು ಮಾರುವುದಕ್ಕೋ ಎಂದು ಕೇಳಿದ. ಅಲ್ಲ, ತೋರಿಸುವುದಕ್ಕೆ ಎಂದೆ. ಒಂದು ಫಾರಂ ಕೊಟ್ಟ. ಹೆಸರು ಬರೆದೆ, ವಿಳಾಸ ಬರೆದೆ, ವಸ್ತುವಿನ ವಿವರ ಬರೆದೆ. ನಾಲ್ಕನೆಯ ಸಾಲು: ತಯಾರಾದ ದೇಶ.

ಪೆನ್ನು ಅಲ್ಲೇ ನಿಂತಿತು.

"ಏನಾಯಿತು?" ಎಂದ.

"ಅದನ್ನು ತಿಳಿದುಕೊಳ್ಳುವುದಕ್ಕೇ ಬಂದಿದ್ದೇನೆ. ಸದ್ಯಕ್ಕೆ ಗೊತ್ತಿಲ್ಲ."

ಅವನು ಗಂಭೀರವಾಗಿ ಹೇಳಿದ, "ಗೊತ್ತಿಲ್ಲ ಎನ್ನುವ ದೇಶ ನಮ್ಮ ಪಟ್ಟಿಯಲ್ಲಿ ಇಲ್ಲ."

ಹಿಂದೆ ಸಾಲು ಬೆಳೆಯುತ್ತಿತ್ತು. ಇಂಗ್ಲೆಂಡ್ ಎಂದು ಬರೆದರೆ ಇಂಗ್ಲೆಂಡಿನಿಂದ ಹೋದದ್ದು ಯಾವಾಗ, ಕಾಗದ ಎಲ್ಲಿ ಎನ್ನುತ್ತಾನೆ. ಭಾರತ ಎಂದು ಬರೆದೆ. ನನ್ನ ಪ್ರದರ್ಶನದ ಚೀಟಿಗೆ ಉಲ್ಟಾ. ಆಚಾರ್ರ ಒಂದು ವರ್ಷದ ಮೌನ ಮಾಡಿಸದ ತಿದ್ದುಪಡಿಯನ್ನು ಊದಿದ ಕಾಲು ಒಂದು ನಿಮಿಷದಲ್ಲಿ ಮಾಡಿಸಿತು. ಅವನು ಮುದ್ರೆ ಒತ್ತಿ, "ಹೋಗಿ ಬಾ, ಲವ್" ಎಂದ.

ಆ ಮಾತು ಕೇಳಿ ನಾನು ಸ್ವಲ್ಪ ಗಾಬರಿಯಾದೆ. ಆದರೆ ರೈಲಿನಲ್ಲಿ ಟಿಕೆಟ್ ನೋಡುವವನೂ ಹಾಗೇ ಕರೆದ. ಶೆಫೀಲ್ಡಿನಲ್ಲಿ ಬಸ್ ಚಾಲಕನೂ ಕರೆದ. ನಮ್ಮ ಕಡೆ ಮಾರಾಯ ಎನ್ನುವಂತೆ ಅವರಿಗೆ ಅದು ಬಾಯಿಗೆ ಬಂದ ಮಾತು, ಯಾರಿಗೆ ಬೇಕಾದರೂ ಸಲ್ಲುತ್ತದೆ. ಮೊದಲ ದಿನದ ಲೆಕ್ಕ: ಹನ್ನೊಂದು ಸಲ, ಅದರಲ್ಲಿ ಗಂಡಸರಿಂದ ನಾಲ್ಕು.

ಎರಡನೆಯ ದಿನ, ಡೋರೀನ್ ಮನೆ

ಶೆಫೀಲ್ಡ್ ಸಪಾಟು ಊರೆಂದು ಯಾಕೋ ಅಂದುಕೊಂಡಿದ್ದೆ. ಅದು ಗುಡ್ಡದ ಊರು. ನಮ್ಮ ಕಡೆ ಕಿಗ್ಗದಿಂದ ಸಿರಿಮನೆಗೆ ಹೋಗುವ ಏರುದಾರಿಯ ಎರಡೂ ಬದಿಗೆ ಒತ್ತೊತ್ತಾಗಿ ಇಟ್ಟಿಗೆ ಮನೆ ಕಟ್ಟಿದರೆ ಹೇಗಿರಬಹುದೋ ಹಾಗೆ. ಬಸ್‌ಸ್ಟಾಪಿನಿಂದ ಡೋರೀನ್ ಮನೆಗೆ ನೂರ ಆರು ಮೆಟ್ಟಿಲು. ಸೂಟ್‌ಕೇಸ್ ಹಿಡಿದು ಎರಡು ಕಡೆ ಕೂತೆ.

ಡೋರೀನ್‌ಗೆ ಎಪ್ಪತ್ತನಾಲ್ಕು ವರ್ಷ. ಒಬ್ಬರೇ, ಜೊತೆಗೆ ಒಂದು ಬೆಕ್ಕು. ಬೆಕ್ಕಿಗೆ ಕಾಲು ತಗುಲಿದರೂ ಕ್ಷಮಿಸು ಎನ್ನುತ್ತಾರೆ, ಕುರ್ಚಿಗೆ ತಗುಲಿದರೂ ಎನ್ನುತ್ತಾರೆ. ಮಧ್ಯಾಹ್ನದೊಳಗೆ ಆರು ಕಪ್ ಚಾ ಆಯಿತು. ಅದು ಚಾ ಎಂದು ನಂಬಿ ಕುಡಿಯಬೇಕು. ಚಳಿ ಹೇಗಿತ್ತೆಂದರೆ ಕಪ್ಪನ್ನು ಕುಡಿಯುವುದಕ್ಕಿಂತ ಹಿಡಿದುಕೊಳ್ಳುವುದಕ್ಕೆ ಕೇಳಿದೆ.

ಮನೆಯ ಹಿಂದಿನ ಶೆಡ್ಡಿನಲ್ಲಿ ಅವರ ಸಂಗ್ರಹ. ಮರವನ್ನು ನಯ ಮಾಡುವ ಕೀಸುಳಿಗಳೇ ಗೋಡೆ ತುಂಬ. ಒಂದನ್ನು ಕೈಗೆ ಕೊಟ್ಟು ಮುಂದಿನ ಅಂಚನ್ನು ತೋರಿಸಿದರು. ಮೂರು ಹೆಸರು ಒತ್ತಿದ್ದವು, ಒಂದರ ಕೆಳಗೆ ಒಂದು. ಅಲ್ಲಿನ ಬಡಗಿಗಳು ಹತಾರ ಕೊಂಡಾಗ ತಮ್ಮ ಹೆಸರನ್ನು ಒತ್ತುತ್ತಿದ್ದರಂತೆ. ಒಬ್ಬ ಸತ್ತು ಅವನ ಹತಾರವನ್ನು ಇನ್ನೊಬ್ಬ ಕೊಂಡರೆ ಹಳೆಯ ಹೆಸರನ್ನು ಕೆರೆಯುವುದಿಲ್ಲ, ಕೆಳಗೆ ತನ್ನದನ್ನು ಒತ್ತುತ್ತಾನೆ. ಡೋರೀನ್ ಆ ಹೆಸರುಗಳನ್ನು ಮನೆಯವರನ್ನು ಪರಿಚಯಿಸುವಂತೆ ಓದಿದರು.

"ನಿಮ್ಮಲ್ಲಿ?" ಎಂದು ಕೇಳಿದರು.

ನಮ್ಮಲ್ಲಿ ಯಾರೂ ಒತ್ತುವುದಿಲ್ಲ ಎಂದೆ. ಹತಾರ ಯಾರದೆಂದು ಬೀದಿಗೇ ಗೊತ್ತಿರುತ್ತದೆ.

"ಆ ಬೀದಿ ಹೋದ ಮೇಲೆ?"

ಕೀಸುಳಿಯನ್ನು ಅವರ ಕೈಗೆ ವಾಪಸ್ ಕೊಟ್ಟೆ. ನಿದ್ದೆ ಎಳೆಯುತ್ತಿತ್ತು. ಉಳಿಯನ್ನು ಅವರು ಅವತ್ತು ನೋಡಲಿಲ್ಲ. ದಣಿದವನ ಎದುರು ಹತಾರ ನೋಡಬಾರದು, ಅವನು ಏನು ಹೇಳಿದರೂ ಒಪ್ಪಿಕೊಳ್ಳುತ್ತಾನೆ ಎಂದರು.

ನಾಲ್ಕನೆಯ ದಿನ, ಚರ್ಚಿನ ಹಾಲ್

ಸಂತೆ ನಡೆಯುವುದು ಒಂದು ಚರ್ಚಿನ ಪಕ್ಕದ ಹಾಲಿನಲ್ಲಿ. ಎಣಿಸಿದೆ: ನಲವತ್ತೆರಡು ಮೇಜು, ಜನ ಸುಮಾರು ಇನ್ನೂರು, ಗದ್ದಲ ಸೊನ್ನೆ. ನಮ್ಮ ಶೃಂಗೇರಿಯ ಗುಜರಿ ಅಂಗಡಿಯಲ್ಲಿ ಒಬ್ಬ ಗಿರಾಕಿ ಮಾಡುವ ಸದ್ದು ಇಲ್ಲಿ ಇಡೀ ಹಾಲ್ ಮಾಡುತ್ತಿರಲಿಲ್ಲ. ಎಲ್ಲರೂ ಹತಾರ ಎತ್ತಿ, ಕೈಯಲ್ಲಿ ತೂಗಿ, ಮೂಸಿ, ಇದ್ದ ಹಾಗೇ ಇಡುತ್ತಾರೆ. ಮೂಸುವುದು ಎಣ್ಣೆ ಹಳೆಯದೋ ಹೊಸದೋ ತಿಳಿಯಲಿಕ್ಕಂತೆ.

ಡೋರೀನ್ ಮತ್ತು ನಾನು ಕೂತಿದ್ದ ಮೇಜಿನ ಹತ್ತಿರ ಟೋಪಿಯ ಒಬ್ಬ ಮುದುಕ ಬಂದ. ರಾಯ್ ಎಂದು ಹೆಸರು. ಉಳಿಯ ಬುಡ ನೋಡಿದ, ಎರಡು ಸೆಕೆಂಡು. "ಶೆಫೀಲ್ಡಿನದೇ. ಸಂಶಯವೇ ಬೇಡ" ಎಂದು ಕೆಳಗಿಟ್ಟ.

ನಾನು ಬರೆದದ್ದೇ ಸರಿ ಎಂದಾಯಿತು. ಏಳು ಸಾವಿರ ಕಿಲೋಮೀಟರಿಗೂ ಹೆಚ್ಚು ಬಂದು ಸರಿ ಅನಿಸಿಕೊಂಡೆ. ಆದರೆ ಉಳಿಯನ್ನು ಇಲ್ಲೇ ಬಿಟ್ಟು ಹೋಗಬೇಕು. ಕಮ್ಮರಡಿಯ ಬಸ್ಸಿನಲ್ಲಿ ಬರಿಗೈಯಲ್ಲಿ ಇಳಿಯಬೇಕು. ಆ ಹೋಟೆಲಿನ ಎದುರೇ ನಡೆದು ಹೋಗಬೇಕು. ನಾನು ತಪ್ಪಾಗಿರಲಿ ಎಂದು ಆಸೆಪಟ್ಟದ್ದು ಜೀವನದಲ್ಲಿ ಅದೇ ಮೊದಲು ಇರಬೇಕು.

ಡೋರೀನ್ ಚೀಲದಿಂದ ಅಂಟುಪಟ್ಟಿ ತೆಗೆದು ಸಣ್ಣ ತುಂಡು ಹರಿದು ಅಕ್ಷರಗಳ ಮೇಲೆ ಅಂಟಿಸಿದರು. ಈಗ ಶೆಫೀಲ್ಡ್ ಕಾಣುತ್ತಿರಲಿಲ್ಲ.

"ನನ್ನ ಮೊದಲ ನಿಯಮ ಇದು" ಎಂದರು. "ಹೆಸರು ಮುಚ್ಚು. ಆಮೇಲೆ ಹತಾರ ನೋಡು. ಅಕ್ಷರ ಕಂಡರೆ ಕಣ್ಣು ಅಲ್ಲೇ ಕೂತುಬಿಡುತ್ತದೆ."

ಅರಳೆಗೆ ಎಣ್ಣೆ ಹಚ್ಚಿ ಉಳಿಯ ಬುಡದ ಹತ್ತಿರ ಮೆಲ್ಲಗೆ ಒತ್ತಿದರು. ಅರಳೆ ಕೆಂಪಾಯಿತು. ತುಕ್ಕು ಎಂದ ರಾಯ್. ತುಕ್ಕು ಇಷ್ಟು ಕೆಂಪಿರುವುದಿಲ್ಲ ಎಂದರು ಡೋರೀನ್. ನನಗೆ ಗೊತ್ತಿತ್ತು. ಕುಂಕುಮ. ಪ್ರತಿ ಆಯುಧಪೂಜೆಗೆ ಹತಾರಗಳಿಗೆಲ್ಲ ಎಣ್ಣೆ ಒರೆಸಿ ಕುಂಕುಮ ಇಡುತ್ತೇವೆ, ಅವತ್ತು ಅವುಗಳಿಗೆ ರಜೆ ಎಂದು ವಿವರಿಸಿದೆ. ರಾಯ್ ಟೋಪಿ ತೆಗೆದ. ಗೌರವಕ್ಕೋ ತಲೆ ಕೆರೆಯುವುದಕ್ಕೋ ತಿಳಿಯಲಿಲ್ಲ. "ನನ್ನ ಹತಾರಗಳು ಇದನ್ನು ಕೇಳಿಸಿಕೊಳ್ಳದಿದ್ದರೆ ಒಳ್ಳೆಯದು" ಎಂದ.

ಡೋರೀನ್ ಭೂತಗನ್ನಡಿ ನನ್ನ ಕೈಗೆ ಕೊಟ್ಟರು. ಮೇಲಿನ ಕುಂಕುಮ ಒರೆಸಿ ಹೋಗಿತ್ತು. ಆದರೆ ಉಕ್ಕಿನೊಳಗೆ ಸಣ್ಣ ಸಣ್ಣ ಗೆರೆಗಳಲ್ಲಿ ಇಳಿದದ್ದು ಹಾಗೇ ಉಳಿದಿತ್ತು. ಓರೆಯಾದ ಕೆಂಪು ಗೆರೆಗಳು, ಬಾಚಣಿಗೆಯ ಹಲ್ಲಿನಂತೆ ಒಂದರ ಪಕ್ಕ ಒಂದು. ಕುಂಕುಮ ಇಲ್ಲದಿದ್ದರೆ ಬರಿಗಣ್ಣಿಗೆ ಕಾಣದಷ್ಟು ಸವೆದವು. ಎಷ್ಟು ವರ್ಷದ ಪೂಜೆಯ ಕುಂಕುಮವೋ, ಒಳಗೆ ಕೂತು ಅವುಗಳನ್ನು ಬರೆದು ತೋರಿಸುತ್ತಿತ್ತು.

"ಎಣಿಸು" ಎಂದರು.

ಒಂದು ಅಂಗುಲಕ್ಕೆ ನಾನು ಇಪ್ಪತ್ತೇಳು ಎಣಿಸಿದೆ, ಅವರು ಇಪ್ಪತ್ತಾರು. ಮತ್ತೆ ಎಣಿಸಿದೆವು. ಇಪ್ಪತ್ತಾರೇ.

"ಇದು ಅರ" ಎಂದರು ಡೋರೀನ್. ಅರ ಎಂದರೆ ಕಬ್ಬಿಣ ಉಜ್ಜುವ, ಮೈಯೆಲ್ಲ ಹಲ್ಲಿರುವ ಹತಾರ. ನಮ್ಮ ಐಟಿಐಯಲ್ಲಿ ಮೊದಲ ವಾರ ಹುಡುಗರ ಕೈಗೆ ಕೊಡುವುದೇ ಅದನ್ನು. "ಅಕ್ಷರ ಒತ್ತಿದ್ದು ಅರಕ್ಕೆ, ಉಳಿಗಲ್ಲ. ಅರ ಸವೆದ ಮೇಲೆ ಯಾರೋ ಕಾಯಿಸಿ ಬಡಿದು ಉಳಿ ಮಾಡಿದ್ದಾರೆ. ಹಲ್ಲುಗಳ ನಡುವಿನ ಅಂತರ ನೋಡು, ಒಂದೇ ಸಮ ಇಲ್ಲ. ಯಂತ್ರದ್ದಲ್ಲ, ಕೈಯಲ್ಲಿ ಕಡಿದದ್ದು."

ಅವರ ಅಜ್ಜಿ ಅದೇ ಕೆಲಸ ಮಾಡಿದವರಂತೆ. ಮನೆಯ ಹಿಂದಿನ ಕೊಟ್ಟಿಗೆಯಲ್ಲಿ ಸೀಸದ ಹಾಸಿನ ಮೇಲೆ ಅರವನ್ನಿಟ್ಟು, ಸುತ್ತಿಗೆ-ಚಾಣದಿಂದ ಒಂದೊಂದೇ ಹಲ್ಲು ಕಡಿಯುವುದು. ಊರಿನ ತುಂಬ ಹೆಂಗಸರು ಈ ಕೆಲಸ ಮಾಡುತ್ತಿದ್ದರು. ಸೀಸದ ವಿಷ ಏರಿ ಕೊನೆಗೆ ಅಜ್ಜಿಯ ಕೈ ನಡುಗುತ್ತಿತ್ತು ಎಂದರು ಡೋರೀನ್.

"ಉಳಿ ಮಾಡಿದವರೂ ಇಲ್ಲಿನವರೇ ಇರಬಹುದಲ್ಲ?" ಎಂದು ಕೇಳಿದೆ. ಕೇಳಲು ಹೆದರಿಕೆಯಾಯಿತು, ಆದರೆ ಕೇಳದೆ ಊರಿಗೆ ಹೋಗುವಂತಿರಲಿಲ್ಲ.

ಡೋರೀನ್ ಹಿಡಿ ಕೂರುವ ಜಾಗದ ಕಬ್ಬಿಣದ ಬಳೆಯನ್ನು ತೋರಿಸಿದರು. "ನಮ್ಮವರು ಹೀಗೆ ಮಾಡುವುದಿಲ್ಲ. ಬೇರೆ ಕಬ್ಬಿಣದ ಪಟ್ಟಿ ಸುತ್ತಿ, ತುದಿಗಳನ್ನು ಒಂದರ ಮೇಲೊಂದು ಹತ್ತಿಸಿ ಬಡಿದಿದ್ದಾರೆ. ನಲವತ್ತು ವರ್ಷದಲ್ಲಿ ಇಂಥದ್ದನ್ನು ಇಲ್ಲಿ ನೋಡಿಲ್ಲ. ನೀನು ನೋಡಿದ್ದೀಯಾ?"

ನೋಟ್‌ಬುಕ್ ತೆಗೆದೆ. ನೋಡಿದ್ದೆ. ಮೇಗುಂದದ ಎರಡು ಉಳಿ, ಕೊಪ್ಪದ ಒಂದು ಮರ ಕೆತ್ತುವ ಬಾಚಿ, ಕಮ್ಮರಡಿಯ ಸುತ್ತಿನ ಎಂಟು ಹತಾರ. ಹನ್ನೊಂದು ಕಡೆ ನನ್ನದೇ ಅಕ್ಷರದಲ್ಲಿ ಒಂದೇ ವಾಕ್ಯ ಇತ್ತು: 'ಬಳೆ ಆಮೇಲೆ ರಿಪೇರಿ ಮಾಡಿ ಹಾಕಿದ್ದು.' ಹನ್ನೊಂದು ಸಲ ಒಬ್ಬನೇ ಮನುಷ್ಯನ ಕೈಯನ್ನು ಕಂಡು, ಹನ್ನೊಂದು ಸಲವೂ ಅದನ್ನು ರಿಪೇರಿ ಎಂದು ಬರೆದಿದ್ದೆ.

ರಾಯ್ ಬಗ್ಗಿ ಓದುವಂತೆ ನೋಡಿ, "ಏನು ಬರೆದಿದೆ?" ಎಂದ. ಹೇಳಿದೆ. ಅವನು ನನ್ನ ಬೆನ್ನು ತಟ್ಟಿ ಚಾ ತರಲು ಹೋದ.

ಐದನೆಯ ದಿನ, ಫೋನು

ಒಂದು ಸಂಗತಿ ಮಾತ್ರ ಡೋರೀನ್‌ಗೆ ಬಗೆಹರಿಯಲಿಲ್ಲ. ಬಡಿದವರ ಸುತ್ತಿಗೆ ಉಳಿಯ ಮೈ ತುಂಬ ಓಡಾಡಿದೆ, ಅಕ್ಷರದ ಹತ್ತಿರ ಬಂದಾಗ ಮಾತ್ರ ಪಕ್ಕಕ್ಕೆ ಸರಿದಿದೆ. ಹಲ್ಲಿನ ಗುರುತು ಉಳಿದದ್ದೂ ಅದರಿಂದಲೇ. ಯಾಕೆ?

ಶೆಫೀಲ್ಡಿನಲ್ಲಿ ಬೆಳಿಗ್ಗೆ ಹನ್ನೊಂದು, ಊರಿನಲ್ಲಿ ಸಂಜೆ ನಾಲ್ಕೂವರೆ. ಕಮ್ಮರಡಿಗೆ ಫೋನ್ ಮಾಡಿದೆ, ಸುಮಿತ್ರಾ ತೆಗೆದರು. "ಮಾವ, ಮೇಷ್ಟ್ರು. ಇಂಗ್ಲೆಂಡಿಂದ" ಎನ್ನುವುದು ಕೇಳಿಸಿತು. "ಕುಲುಮೆ ಕಾದಿದೆ ಅನ್ನು" ಎನ್ನುವುದೂ ಕೇಳಿಸಿತು. ಆಮೇಲೆ ಆಚಾರ್ರು ಫೋನಿಗೆ ಬಂದರು.

ಎಲ್ಲವನ್ನೂ ಹೇಳಿದೆ.

"ಅರದ್ದು ಅಂತ ನಿಮಗೆ ಮೊದಲೇ ಗೊತ್ತಿತ್ತಾ ಆಚಾರ್ರೆ?"

"ಗೊತ್ತಿಲ್ದೆ ಎಂತ. ಎಸ್ಟೇಟಿನವರು ಬಿಸಾಕಿದ ಅರ. ಒಳ್ಳೇ ಉಕ್ಕು."

"ನಂಗೆ ಯಾಕೆ ಹೇಳ್ಲಿಲ್ಲ?"

"ನೀವು ಎಲ್ಲಿ ಕೇಳಿದ್ರಿ? ಬರ್ಕೊಂಡ್ರಿ." ಹಾಗೇ ಮುಂದುವರಿಸಿದರು. "ಕಬ್ಬಿಣ ಎಲ್ಲಿಂದಾದ್ರೂ ಬರ್ತದೆ ಮಾರಾಯ್ರೆ. ಪೇಟೆ ಅಂಗಡಿಯಿಂದ ಅಕ್ಕಿ ತಂದು ನಮ್ಮ ಸುಮಿತ್ರಾ ದೋಸೆ ಹೊಯ್ದ್ರೆ, ದೋಸೆ ಅಂಗಡಿಯವಂದಾ?"

ಅಕ್ಷರದ ವಿಷಯ ಕೇಳಿದೆ. ಈ ಸಲ ಅವರು ನಕ್ಕರು. ಒಂದು ವರ್ಷದ ಮೇಲೆ ಆ ನಗು ಕೇಳಿದ್ದು. "ಗಿರಾಕಿಗೆ ಅಕ್ಷರ ಬೇಕು. ನೀವೊಬ್ರೇ ಅಂದ್ಕೊಂಡ್ರಾ? ಆಗಿನ ಕಾಲದಲ್ಲೂ ಬುಡ ತಿರುಗಿಸಿ ನೋಡಿ, ಇಂಗ್ಲಿಷ್ ಅಕ್ಷರ ಇದ್ರೇ ಕೈಗೆ ತಗೊಳ್ತಿದ್ದದ್ದು. ಎಲ್ಲಾ ಬಡಿ, ಅಕ್ಷರ ಒಂದು ಬಿಡು ಅಂತ ನಂಗೂ ಕಲಿಸಿದ್ರು ಅಪ್ಪ."

ಅನುವಾದ ಮಾಡಿ ಹೇಳಿದಾಗ ಡೋರೀನ್ ಬೆಕ್ಕು ಹೆದರುವಷ್ಟು ನಕ್ಕರು.

"ಚೀಟಿ ಬದಲಾಯಿಸ್ತೇನೆ ಆಚಾರ್ರೆ" ಎಂದೆ. "ನಿಮ್ಮ ತಂದೆ ಹೆಸರೇ ಬರೀತೇನೆ."

"ಹೆಸರು ಗೊತ್ತುಂಟಾ ನಿಮಗೆ?"

ಗೊತ್ತಿರಲಿಲ್ಲ. ಮೂರು ವರ್ಷ ಆ ಕುಲುಮೆಗೆ ಹೋಗಿದ್ದೇನೆ, ದಿನಚರಿಯ ಪ್ರಕಾರ ಹತ್ತೊಂಬತ್ತು ಸಲ. ಉಳಿಯ ತೂಕ ಗ್ರಾಮಿನ ಲೆಕ್ಕದಲ್ಲಿ ಬರೆದಿದ್ದೇನೆ. ಹೆಸರು ಕೇಳಿರಲಿಲ್ಲ. ನನ್ನ ಐದು ಕಾಲಂಗಳಲ್ಲಿ ಅದಕ್ಕೆ ಜಾಗವೇ ಇರಲಿಲ್ಲ.

"ಹೇಳಿ, ಬರ್ಕೊಳ್ತೇನೆ" ಎಂದೆ.

"ಫೋನಲ್ಲಿ ಬೇಡ" ಎಂದರು. "ಬಂದು ಕೂತು ಬರ್ಕೊಳ್ಳಿ. ಉಳಿ ತಗೊಂಡು ಬನ್ನಿ."

ಹತ್ತನೆಯ ದಿನ, ಕಮ್ಮರಡಿ

ಉಳಿದ ದಿನಗಳ ಬಗ್ಗೆ ಹೇಳುವಂಥದ್ದು ಕಡಿಮೆ. ನೆಗಡಿ ಮೂರು ದಿನ. ತಪ್ಪು ಬಸ್ಸು ಹತ್ತಿದ್ದು ಎರಡು ಸಲ. ಬೀಳ್ಕೊಡುವಾಗ ಡೋರೀನ್ ಉಳಿಯ ಮೇಲಿನ ಅಂಟುಪಟ್ಟಿಯನ್ನು ತೆಗೆಯಲು ಬಿಡಲಿಲ್ಲ, ಅದು ಹಾಗೇ ಬಂತು.

ಬೆಂಗಳೂರಿನ ಬಸ್ಸು ಬೆಳಗಿನ ಜಾವ ಕೊಪ್ಪಕ್ಕೆ ಬಂದಾಗ ಮನೆಗೆ ಹೋಗಿ ಮಲಗಬಹುದಿತ್ತು. ಮಲಗಿದರೆ ಏಳುವುದು ಮಾರನೆಯ ದಿನ. ಸೂಟ್‌ಕೇಸ್ ಸಮೇತ ಕಮ್ಮರಡಿಯ ಮೊದಲ ಬಸ್ಸು ಹತ್ತಿದೆ. ಕಂಡಕ್ಟರ್ "ಎಂತ ಮೇಷ್ಟ್ರೆ, ಮನೆಯಿಂದ ಓಡಿಸಿದ್ರಾ?" ಎಂದ. ಹೌದೆಂದೆ, ಮಾತಾಡುವ ಶಕ್ತಿ ಇರಲಿಲ್ಲ.

ಆಚಾರ್ರು ಆಗಷ್ಟೇ ಕುಲುಮೆಯ ಬೂದಿ ಕೆದಕುತ್ತಿದ್ದರು. ಉಳಿಯನ್ನು ತೆಗೆದುಕೊಂಡು ಅಂಟುಪಟ್ಟಿಯನ್ನು ನೋಡಿದರು, ಕೀಳಲಿಲ್ಲ. ಡೋರೀನ್ ತಮ್ಮ ಭೂತಗನ್ನಡಿಯನ್ನು ಆಚಾರ್ರಿಗೆಂದೇ ಕಳಿಸಿದ್ದರು. ಬಾಗಿಲಿನ ಬೆಳಕಿಗೆ ಹೋಗಿ ಕೆಂಪು ಗೆರೆಗಳನ್ನು ತುಂಬ ಹೊತ್ತು ನೋಡಿದರು. ಸುಮಿತ್ರಾ ನನಗೆ ಚಾ ಕೊಟ್ಟರು. ಹತ್ತು ದಿನದಲ್ಲಿ ಮೊದಲ ಚಾ.

"ಬರೀರಿ" ಎಂದರು ಆಚಾರ್ರು.

ಹೊಸ ಪುಟ ತೆಗೆದು ಮೊದಲ ಸಾಲಿನ ಮೇಲೆ ಪೆನ್ನಿಟ್ಟೆ.

"ಸುಬ್ರಾಯ ಆಚಾರಿ. ಕಮ್ಮರಡಿ."

ಬರೆದೆ. ಓದಿ ಹೇಳಿ ಎಂದರು, ಓದಿದೆ. ಇನ್ನೊಮ್ಮೆ ಓದಿಸಿದರು. ಆಮೇಲೆ ಮತ್ತೆ ಗೆರೆಗಳ ಮೇಲೆ ಬೆರಳಾಡಿಸಿ ಕೇಳಿದರು, "ಈ ಹಲ್ಲು ಕಡಿದೋರು ಯಾರಂತೆ?"

"ಯಾರೋ ಹೆಂಗಸು ಇರಬಹುದಂತೆ ಆಚಾರ್ರೆ. ಮನೇಲಿ ಕೂತು ಕಡೀತಿದ್ರಂತೆ."

"ಹೆಸರು?"

"ಗೊತ್ತಿಲ್ಲ. ಹೆಸರು ಒತ್ತುತ್ತಾ ಇದ್ದದ್ದು ಕಾರ್ಖಾನೆಯವರದ್ದು."

ಆಚಾರ್ರು ಭೂತಗನ್ನಡಿಯನ್ನು ಮಡಿಲಲ್ಲಿ ಇಟ್ಟುಕೊಂಡರು. "ಮೊದಲು ಕೆಲಸ ಮಾಡಿದ್ದು ಅವರಲ್ದಾ" ಎಂದರು. "ನಮ್ಮಪ್ಪಂದು ಆಮೇಲೆ. ಮೇಲೆ ಒಂದು ಸಾಲು ಬಿಡಿ."

ನಾನು ಬರೆದದ್ದನ್ನು ಹೊಡೆದು ಹಾಕಿ ಪುಟ ತಿರುಗಿಸಿದೆ. ಮೊದಲ ಸಾಲನ್ನು ಖಾಲಿ ಬಿಟ್ಟು, ಎರಡನೆಯ ಸಾಲಿನಲ್ಲಿ ಸುಬ್ರಾಯ ಆಚಾರಿ, ಕಮ್ಮರಡಿ ಎಂದು ಮತ್ತೆ ಬರೆದೆ.